ವಿದ್ಯುತ್ ಕಾರಿನ ಒಡೆಯರಿಗೆ ನಾಲ್ಕು ಮಾತು

ಪಿಂಚಣಿ ಪಡೆದು ಸ್ವಸ್ಥವಾಗಿ ಮನೆಯಲ್ಲಿರುವ ನಮ್ಮ ಹಳೆಯ ಮಿತ್ರರೊಬ್ಬರು ಕಳೆದ ತಿಂಗಳು ಒಂದು ದಿನ ಬೆಳಗ್ಗೆ ನಮ್ಮ ಕಾರ್ಯಾಲಯಕ್ಕೆ ದಯಮಾಡಿಸಿ, ಕೈಯಲ್ಲಿದ್ದ ಬಣ್ಣದ ಹಸ್ತಪತ್ರಿಕೆಯೊಂದನ್ನು ಮೇಜಿನ ಮೇಲೆ ಹರವಿದರು. ಅವರು ವಿದ್ಯುತ್ ಕಾರನ್ನು ಕೊಂಡು ಆಗಲೇ ಆರು ತಿಂಗಳಾಗಿದ್ದವು. "ಸ್ವಾಮಿ, ಇಲ್ಲಿ ಅಚ್ಚು ಹಾಕಿರುವ ದೂರವೇ ಬೇರೆ, ನನ್ನ ಗಾಡಿ ಓಡುವ ದೂರವೇ ಬೇರೆ. ಮೂರು ಪಾಲಿನಲ್ಲಿ ಎರಡು ಪಾಲು ಬಂದರೆ ಅದೇ ಪುಣ್ಯ. ನನಗೆ ಮೋಸವಾಯಿತೋ, ಇಲ್ಲ ನನಗೇ ಓಡಿಸುವುದಕ್ಕೆ ಬಾರದೋ, ತಾವು ಹೇಳಬೇಕು" ಎಂದರು. ಮೂವತ್ತೈದು ವರ್ಷ ಸರ್ಕಾರದ ಲೆಕ್ಕಪತ್ರಗಳನ್ನು ತಿದ್ದಿದ ಆ ಮಹನೀಯರು ಹೀಗೆ ಕಂಗಾಲಾದುದನ್ನು ಕಂಡು ನಮಗೆ ನಗುವೂ ಬಂದಿತು, ಮರುಕವೂ ಉಂಟಾಯಿತು. ಏಕೆಂದರೆ ಎರಡು ವರ್ಷಗಳ ಹಿಂದೆ, ನಾವೂ ಇಂತಹದೇ ಒಂದು ಗಾಡಿಯನ್ನು ಕೊಂಡ ಹೊಸತರಲ್ಲಿ, ಇದೇ ಪ್ರಶ್ನೆಯನ್ನು ಅವರಿವರಲ್ಲಿ ಕೇಳುತ್ತ ತಿರುಗಿದವರೇ.

ಅವರಿಗೆ ಮೋಸವೂ ಆಗಿರಲಿಲ್ಲ, ಓಡಿಸುವ ಕ್ರಮದಲ್ಲಿ ದೊಡ್ಡ ತಪ್ಪೂ ಇರಲಿಲ್ಲ. ಅವರು ಪೆಟ್ರೋಲ್ ಗಾಡಿಯ ಲೆಕ್ಕವನ್ನು ವಿದ್ಯುತ್ ಗಾಡಿಗೆ ಹಾಕುತ್ತಿದ್ದರು, ಅಷ್ಟೆ. ಹಸುರು ಫಲಕದ ಗಾಡಿಗಳು ನಮ್ಮ ಪಟ್ಟಣಗಳ ಬೀದಿಬೀದಿಯಲ್ಲಿಯೂ ಕಾಣುತ್ತಿರುವ ಈ ಕಾಲದಲ್ಲಿ, ತಮ್ಮ ಉಳಿತಾಯದ ಹತ್ತು ಹದಿನೈದು ಲಕ್ಷ ರೂಪಾಯಿಗಳನ್ನು ಇದರಲ್ಲಿ ತೊಡಗಿಸುವ ಗೃಹಸ್ಥರು ಈ ಲೆಕ್ಕದ ಭೇದವನ್ನು ಅರಿಯದಿದ್ದರೆ ನಷ್ಟವು ಅವರದೇ ಆಗುವುದು. ಆದುದರಿಂದ ಮಿತ್ರರಿಗೆ ಹೇಳಿದ ಮಾತುಗಳನ್ನೇ ಇಲ್ಲಿ ವಾಚಕರ ಮುಂದೆ ಇರಿಸುತ್ತೇವೆ.

ಪೆಟ್ರೋಲ್ ಗಾಡಿಯ ತೊಟ್ಟಿಯು ಬರಿಯ ಪಾತ್ರೆ. ಅದನ್ನು ಕಂಠಮಟ್ಟ ತುಂಬಿದರೂ, ತಳ ಕಾಣುವವರೆಗೆ ಬರಿದು ಮಾಡಿದರೂ ಪಾತ್ರೆಗೆ ಏನೂ ಆಗದು. ವಿದ್ಯುತ್ ಗಾಡಿಯ ಬ್ಯಾಟರಿಯು ಹಾಗಲ್ಲ. ಗಾಡಿಯ ಬೆಲೆಯಲ್ಲಿ ಮೂರನೆಯ ಒಂದು ಪಾಲಿನ ಆಸುಪಾಸು ಆ ಒಂದು ಪೆಟ್ಟಿಗೆಗೇ ಸಲ್ಲುತ್ತದೆ. ಅದು ಇಂಧನವಲ್ಲ, ಮೂಲಧನ. ಅದರಲ್ಲಿ ತುಂಬಿ ತೆಗೆಯುವ ವಿದ್ಯುತ್ತು ಬಡ್ಡಿಯಂತೆ ದಿನದಿನವೂ ಬರುತ್ತ ಹೋಗುತ್ತ ಇರುವುದು. ಬಡ್ಡಿಯನ್ನು ಧಾರಾಳವಾಗಿ ಖರ್ಚು ಮಾಡಬಹುದು, ಮೂಲಧನಕ್ಕೆ ಕೈ ಹಾಕಬಾರದು ಎಂಬುದು ನಮ್ಮ ಹಿರಿಯರು ಹೇಳಿಕೊಟ್ಟ ಗೃಹನೀತಿಯಷ್ಟೆ. ಈ ಗಾಡಿಯ ವಿಷಯದಲ್ಲಿ ಆ ನೀತಿಯೇ ಶಾಸ್ತ್ರ.

ಮೊದಲು ಓಟದ ದೂರದ ವಿಚಾರ. ಗಾಡಿಯನ್ನು ಇಂತಿಷ್ಟು ಕಿಲೋಮೀಟರಿನ ಗಾಡಿಯೆಂದು ಎಣಿಸುವುದನ್ನು ಬಿಟ್ಟು, ಇಂತಿಷ್ಟು ಯೂನಿಟ್ಟಿನ ಗಾಡಿಯೆಂದು ಎಣಿಸಬೇಕು. ಯೂನಿಟ್ಟು ಯಾರಿಗೂ ಹೊಸದಲ್ಲ. ತಿಂಗಳು ತಿಂಗಳೂ ಮನೆಗೆ ಬರುವ ವಿದ್ಯುತ್ ಬಿಲ್ಲಿನಲ್ಲಿರುವ ಯೂನಿಟ್ಟೇ ಅದು. ೨೦೨೦ನೆಯ ಇಸವಿಯಲ್ಲಿ ಪೇಟೆಗೆ ಬಂದ ಟಾಟಾ ನೆಕ್ಸಾನ್ ವಿದ್ಯುತ್ ಕಾರಿನಲ್ಲಿ ೩೦.೨ ಯೂನಿಟ್ಟಿನ ಬ್ಯಾಟರಿಯಿದ್ದಿತು. ಮೂವತ್ತು ಯೂನಿಟ್ಟೆಂದರೆ ಎಷ್ಟು? ಒಂದು ಲೀಟರ್ ಪೆಟ್ರೋಲಿನಲ್ಲಿ ಹೆಚ್ಚುಕಡಿಮೆ ಒಂಬತ್ತು ಯೂನಿಟ್ಟಿನಷ್ಟು ಶಕ್ತಿಯಿದೆ. ಹಾಗಾದರೆ ಆ ದೊಡ್ಡ ಪೆಟ್ಟಿಗೆಯೆಲ್ಲ ಸೇರಿ ಮೂರು ಲೀಟರಿಗಿಂತ ಸ್ವಲ್ಪ ಹೆಚ್ಚು ಪೆಟ್ರೋಲಿಗೆ ಸಮ! ಮೂರು ಲೀಟರಿನಲ್ಲಿ ಪೆಟ್ರೋಲ್ ಗಾಡಿಯು ಐವತ್ತು ಕಿಲೋಮೀಟರ್ ಹೋದರೆ ಹೆಚ್ಚು. ಇದು ಇನ್ನೂರು ಹೋಗುತ್ತದೆ. ಪೆಟ್ರೋಲ್ ಯಂತ್ರವು ತಿಂದ ಶಕ್ತಿಯಲ್ಲಿ ಮುಕ್ಕಾಲು ಪಾಲನ್ನು ಬಿಸಿಯನ್ನಾಗಿಯೂ ಹೊಗೆಯನ್ನಾಗಿಯೂ ಚೆಲ್ಲುವುದು. ವಿದ್ಯುತ್ ಮೋಟಾರು ಬಹುಪಾಲನ್ನು ಚಕ್ರಕ್ಕೇ ಮುಟ್ಟಿಸುವುದು.

ಇಲ್ಲಿಯೇ ಒಂದು ಸೂಕ್ಷ್ಮವಿದೆ. ದುಂದುಗಾರನ ಮನೆಯಲ್ಲಿ ನಾಲ್ಕು ಜನ ನೆಂಟರು ಹೆಚ್ಚಾದರೆ ಖರ್ಚು ಕಾಣುವುದಿಲ್ಲ, ಮಿತವ್ಯಯಿಯ ಮನೆಯಲ್ಲಿ ಕೂಡಲೇ ಕಾಣುತ್ತದೆ. ಪೆಟ್ರೋಲ್ ಗಾಡಿಯಲ್ಲಿ ಎದುರುಗಾಳಿ, ವೇಗ, ತಂಪುಯಂತ್ರ, ಗಾಳಿ ಇಳಿದ ಟೈರು ಇವೆಲ್ಲವುಗಳ ಖರ್ಚು ಆ ದೊಡ್ಡ ದುಂದಿನಲ್ಲಿ ಮುಚ್ಚಿಹೋಗುವುದು. ವಿದ್ಯುತ್ ಗಾಡಿಯಲ್ಲಿ ದುಂದೇ ಇಲ್ಲವಾದ ಕಾರಣ ಪ್ರತಿಯೊಂದು ಹೊರೆಯೂ ಎದ್ದು ಕಾಣುವುದು. ಇದು ಗಾಡಿಯ ದೋಷವಲ್ಲ, ಅದರ ಗುಣದ ಇನ್ನೊಂದು ಮುಖ.

ಹಸ್ತಪತ್ರಿಕೆಯ ಅಂಕಿಯು ಬರುವುದು ಪರೀಕ್ಷಾಶಾಲೆಯಿಂದ. ಅಲ್ಲಿ ಗಾಡಿಯನ್ನು ಉರುಳೆಗಳ ಮೇಲೆ ನಿಲ್ಲಿಸಿ, ಗೊತ್ತಾದ ಕ್ರಮದಲ್ಲಿ, ಗಂಟೆಗೆ ತೊಂಬತ್ತು ಕಿಲೋಮೀಟರ್ ಮೀರದಂತೆ, ತಂಪುಯಂತ್ರವನ್ನು ಹಾಕದೆ ಓಡಿಸುತ್ತಾರೆ. ಎಲ್ಲ ಗಾಡಿಗಳಿಗೂ ಒಂದೇ ಅಳತೆಗೋಲು ಇರಬೇಕಾದುದರಿಂದ ಅದು ಬೇಕು. ಒಂದು ಗಾಡಿಯನ್ನು ಇನ್ನೊಂದಕ್ಕೆ ಹೋಲಿಸುವುದಕ್ಕೆ ಒದಗುವುದು. ಆದರೆ ಅದನ್ನು ನಂಬಿ ಮದುವೆಗೆ ಹೊರಡಲಾಗದು. ಮೇಲೆ ಹೇಳಿದ ನೆಕ್ಸಾನಿಗೆ ಪರೀಕ್ಷಾಶಾಲೆಯು ಕೊಟ್ಟ ಅಂಕಿ ೩೧೨ ಕಿಲೋಮೀಟರ್. ಮೂವತ್ತು ಯೂನಿಟ್ಟಿಗೆ ಭಾಗಿಸಿ ನೋಡಿದರೆ ನೂರು ಕಿಲೋಮೀಟರಿಗೆ ಹತ್ತು ಯೂನಿಟ್ಟೂ ಆಗಲಿಲ್ಲ. ರಸ್ತೆಯ ಮೇಲೆ ಸಂಸಾರ ಸಮೇತ ಹೋಗುವಾಗ ಆ ಗಾತ್ರದ ಯಾವ ಗಾಡಿಯೂ ಹದಿಮೂರು ಹದಿನೈದಕ್ಕೆ ಕಡಿಮೆ ತಿನ್ನುವುದಿಲ್ಲ.

ಹಾಗಾದರೆ ಹೊರಡುವ ಮುನ್ನ ಮಾಡಬೇಕಾದ ಲೆಕ್ಕವೇನು? ನೂರಕ್ಕೆ ತೊಂಬತ್ತು ತುಂಬಿಸಿ ಹೊರಟು, ಹದಿನೈದು ಉಳಿದಿರುವಾಗ ಮತ್ತೆ ತುಂಬಿಸುವುದೆಂದು ಇಟ್ಟುಕೊಳ್ಳಿ. ನಡುವೆ ಉಳಿದುದು ಎಪ್ಪತ್ತೈದು ಪಾಲು. ಮೂವತ್ತು ಯೂನಿಟ್ಟಿನಲ್ಲಿ ಅದು ಇಪ್ಪತ್ತೆರಡೂವರೆ ಯೂನಿಟ್ಟು. ನೂರು ಕಿಲೋಮೀಟರಿಗೆ ಹದಿನೈದರ ಮೇರೆಗೆ ನೂರೈವತ್ತು ಕಿಲೋಮೀಟರ್. ಇದೇ ನಂಬತಕ್ಕ ದೂರ. ಬೆಂಗಳೂರಿನಿಂದ ಮೈಸೂರಿಗೆ ಸುಮಾರು ೧೪೫. ಅಲ್ಲಿಗೆ ಸರಿಹೋಯಿತು. ಈಚಿನ ಗಾಡಿಗಳಲ್ಲಿ ನಲವತ್ತು, ಅರವತ್ತು ಯೂನಿಟ್ಟಿನ ಬ್ಯಾಟರಿಗಳೂ ಬಂದಿವೆ. ಅಂಕಿಯನ್ನು ಬದಲಿಸಿಕೊಂಡರೆ ಲೆಕ್ಕ ಅದೇ.

ವೇಗದ ಮಾತನ್ನು ಬಿಡಿಸಿ ಹೇಳಬೇಕು, ಏಕೆಂದರೆ ೨೦೨೩ರಲ್ಲಿ ಬೆಂಗಳೂರು ಮೈಸೂರಿನ ಹೊಸ ಹೆದ್ದಾರಿಯ ಉದ್ಘಾಟನೆಯಾದ ಮೇಲೆ ನಮ್ಮ ಜನರ ಬಲಗಾಲು ಬಹಳ ಭಾರವಾಗಿದೆ. ಗಾಳಿಯ ತಡೆಯು ವೇಗದ ವರ್ಗದಂತೆ ಏರುವುದು. ಎಂಬತ್ತರಿಂದ ನೂರಕ್ಕೆ ಹೋದರೆ ವೇಗವು ಕಾಲು ಪಾಲು ಹೆಚ್ಚಾಯಿತು, ಗಾಳಿಯ ತಡೆಯಾದರೋ ಅರ್ಧಕ್ಕಿಂತ ಹೆಚ್ಚು ಬೆಳೆಯಿತು. ಮೈಸೂರಿನವರೆಗೆ ನೂರರಲ್ಲಿ ಹೋದವರಿಗೆ ಉಳಿಯುವುದು ಇಪ್ಪತ್ತೆರಡು ನಿಮಿಷ; ಹೆಚ್ಚಾಗಿ ಖರ್ಚಾಗುವುದು ನಮ್ಮ ಅನುಭವದಂತೆ ಸುಮಾರು ಐದು ಯೂನಿಟ್ಟು. ಆ ಐದು ಯೂನಿಟ್ಟನ್ನು ಮನೆಯ ಸಾಕೆಟ್ಟಿನಿಂದ ಮರಳಿ ತುಂಬಿಸಲು ಒಂದೂವರೆ ಗಂಟೆಗೂ ಹೆಚ್ಚು ಬೇಕು. ಅವಸರದವರು ಈ ವ್ಯಾಪಾರದಲ್ಲಿ ಲಾಭವೆಲ್ಲಿದೆಯೆಂದು ತಾವೇ ನೋಡಿಕೊಳ್ಳಲಿ.

ಪಟ್ಟಣದೊಳಗೆ ಇದಕ್ಕೆ ವಿಪರೀತ. ಅಲ್ಲಿ ವೇಗವಿಲ್ಲ, ಗಾಳಿಯ ತಡೆಯಿಲ್ಲ, ನಿಲ್ಲಿಸುವಾಗಲೆಲ್ಲ ಮೋಟಾರೇ ಡೈನಮೋವಾಗಿ ಒಂದಿಷ್ಟು ವಿದ್ಯುತ್ತನ್ನು ಹಿಂದಕ್ಕೆ ಕೊಡುವುದು. ಆದುದರಿಂದ ಪೆಟ್ರೋಲ್ ಗಾಡಿಗೆ ಶಾಪವಾದ ಪಟ್ಟಣದ ಓಡಾಟ ಇದಕ್ಕೆ ವರ. ಆದರೆ ಹತ್ತು ಕಿಲೋಮೀಟರ್ ಹೋಗಲು ಒಂದು ಗಂಟೆ ಹಿಡಿಯುವ ಬೆಂಗಳೂರಿನ ಸಂಜೆಗಳಲ್ಲಿ ಮಾತ್ರ ತಂಪುಯಂತ್ರವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅದು ಗಂಟೆಗೆ ಒಂದು ಯೂನಿಟ್ಟಿನಷ್ಟು ತಿನ್ನುವುದು. ಆ ಹತ್ತು ಕಿಲೋಮೀಟರಿಗೆ ಚಕ್ರಗಳು ತಿಂದುದೂ ಸುಮಾರು ಅಷ್ಟೇ. ನಿಂತಲ್ಲೇ ನಿಂತು ಅರ್ಧ ಓಟವನ್ನು ತಂಪಿಗೆ ತೆತ್ತಂತಾಯಿತು.

ಇನ್ನು ಘಟ್ಟದ ಸಂಗತಿ. ಇದನ್ನು ನಾವು ಪುಸ್ತಕದಿಂದ ಕಲಿಯಲಿಲ್ಲ. ಕಳೆದ ವರ್ಷ ಮಂಗಳೂರಿನಲ್ಲಿ ನಡೆದ ಬಂಧುಗಳ ಮದುವೆಯನ್ನು ಮುಗಿಸಿಕೊಂಡು ಮಧ್ಯಾಹ್ನದ ಊಟವಾದ ಮೇಲೆ ನಾಲ್ಕು ಜನ ಹೊರಟೆವು. ಗಾಡಿಯಲ್ಲಿ ನೂರಕ್ಕೆ ಎಂಬತ್ತೈದು ಇದ್ದಿತು. ಎದುರಿನ ಪರದೆಯು ೧೭೫ ಕಿಲೋಮೀಟರ್ ಹೋಗಬಹುದೆಂದು ತೋರಿಸುತ್ತಿದ್ದಿತು. ಸಕಲೇಶಪುರಕ್ಕೆ ಸುಮಾರು ನೂರಮೂವತ್ತು. ನಿಶ್ಚಿಂತೆಯಿಂದ ಹೊರಟವರು ಶಿರಾಡಿ ಘಟ್ಟವನ್ನು ಏರತೊಡಗಿದಾಗ ಅಂಕಿಗಳು ಕಣ್ಣೆದುರಿನಲ್ಲಿಯೇ ಜರ್ರನೆ ಇಳಿಯಲಾರಂಭಿಸಿದವು. ಹಿಂದಿನ ಆಸನದಲ್ಲಿ ನಮ್ಮ ಮನೆಯವರು ಸ್ತೋತ್ರ ಹೇಳಿಕೊಳ್ಳುವುದಕ್ಕೆ ತೊಡಗಿದರು. ಸಕಲೇಶಪುರವನ್ನು ಮುಟ್ಟಿದಾಗ ಉಳಿದದ್ದು ಒಂಬತ್ತು. ಫೋನಿನ ನಕ್ಷೆಯಲ್ಲಿ ಗುರುತಿದ್ದ ಚಾರ್ಜಿಂಗ್ ಕೇಂದ್ರಕ್ಕೆ ಹೋದರೆ ಅದು ಕೆಟ್ಟು ಎಷ್ಟು ದಿನವಾಗಿದ್ದಿತೋ, ಪರದೆಯ ಮೇಲೆ ಧೂಳು ಕುಳಿತಿದ್ದಿತು. ಕಡೆಗೆ ಅಕ್ಕಿಯ ಗಿರಣಿಯವರೊಬ್ಬರು ನಮ್ಮ ಅವಸ್ಥೆಯನ್ನು ಕಂಡು, "ಬನ್ನಿ ರಾಯರೇ, ಹದಿನೈದು ಆಂಪಿಯರಿನ ಸಾಕೆಟ್ಟಿದೆ" ಎಂದು ಒಳಗೆ ಕರೆದು ಕಾಫಿಯನ್ನೂ ಕೊಟ್ಟರು. ಎರಡೂವರೆ ಗಂಟೆ ಅಲ್ಲಿ ಕುಳಿತು ಏಳು ಯೂನಿಟ್ಟು ತುಂಬಿಸಿಕೊಂಡು ಹಾಸನವನ್ನು ಸೇರಿದೆವು. ಹಣವನ್ನು ಅವರು ಮುಟ್ಟಲಿಲ್ಲ.

ಆಮೇಲೆ ಲೆಕ್ಕ ಹಾಕಿ ನೋಡಿದೆವು. ಗಾಡಿ, ಜನ, ಸಾಮಾನು ಎಲ್ಲ ಸೇರಿ ಸಾವಿರದ ಏಳುನೂರು ಕಿಲೋಗ್ರಾಂ. ಸಮುದ್ರದ ಮಟ್ಟದಿಂದ ಸಕಲೇಶಪುರವು ಒಂಬೈನೂರು ಮೀಟರಿಗೂ ಎತ್ತರ. ಅಷ್ಟು ಭಾರವನ್ನು ಅಷ್ಟು ಎತ್ತರಕ್ಕೆ ಎತ್ತುವುದಕ್ಕೇ ನಾಲ್ಕು ಯೂನಿಟ್ಟಿಗಿಂತ ಹೆಚ್ಚು ಬೇಕು, ಮುಂದಕ್ಕೆ ಹೋಗುವ ಖರ್ಚು ಬೇರೆ. ನಾಲ್ಕು ಯೂನಿಟ್ಟೆಂದರೆ ಬಯಲಿನಲ್ಲಿ ಇಪ್ಪತ್ತೈದು ಮೂವತ್ತು ಕಿಲೋಮೀಟರ್. ಪರದೆಗೆ ಈ ಘಟ್ಟ ಗೊತ್ತಿರಲಿಲ್ಲ. ಹಿಂದಿನ ದಿನಗಳಲ್ಲಿ ನಾವು ಮಂಗಳೂರಿನ ಸುತ್ತ ಮೆಲ್ಲಗೆ ಓಡಾಡಿದ ಖರ್ಚಿನ ಮೇಲೆ ಅದು ೧೭೫ ಎಂದು ಬರೆದಿದ್ದಿತು. ಅದು ಕಳೆದುದರ ಲೆಕ್ಕವನ್ನು ಹೇಳುವ ಶ್ಯಾನುಭೋಗನೇ ಹೊರತು ಮುಂದಿನ ಫಲವನ್ನು ಹೇಳುವ ಜ್ಯೋತಿಷಿಯಲ್ಲ.

ಇಳಿಯುವವರು ಇನ್ನೊಂದನ್ನು ತಿಳಿದಿರಬೇಕು. ಘಟ್ಟವನ್ನಿಳಿಯುವಾಗ ಮೋಟಾರು ಗಾಡಿಯನ್ನು ಹಿಡಿದು ನಿಲ್ಲಿಸುತ್ತ ಬ್ಯಾಟರಿಯನ್ನು ತುಂಬಿಸುವುದು, ಬ್ರೇಕಿನ ಸವೆತವೂ ಉಳಿಯುವುದು. ಆದರೆ ತುಂಬಿದ ಕೊಡಕ್ಕೆ ನೀರು ಹಾಕಲಾಗದು. ಘಟ್ಟದ ಮೇಲಿನ ಊರಿನಲ್ಲಿ ರಾತ್ರಿ ತಂಗಿ, ನೂರಕ್ಕೆ ನೂರು ತುಂಬಿಸಿಕೊಂಡು ಬೆಳಗ್ಗೆ ಇಳಿಯಲು ಹೊರಟರೆ ಆ ಹಿಡಿತವು ದೊರೆಯದೆ ಭಾರವೆಲ್ಲ ಬ್ರೇಕಿನ ಮೇಲೆಯೇ ಬೀಳುವುದು. ಎಂಬತ್ತಕ್ಕೆ ನಿಲ್ಲಿಸಿ ಇಳಿಯಿರಿ.

ಈಗ ಮೂಲಧನದ ವಿಚಾರಕ್ಕೆ ಬರೋಣ. ಬೆಂಗಳೂರಿಗೆ ಈ ಗಾಡಿಯು ಹೊಸ ಅತಿಥಿಯಲ್ಲ. ೨೦೦೧ರಲ್ಲಿಯೇ ಅಲ್ಲಿ ರೇವಾ ಎಂಬ ಪುಟ್ಟ ವಿದ್ಯುತ್ ಕಾರನ್ನು ಮಾಡಿ ಮಾರಿದರು. ೨೦೦೪ರಿಂದ ಅದು ಜಿ-ವಿಝ್ ಎಂಬ ಹೆಸರಿನಲ್ಲಿ ಲಂಡನ್ ನಗರದ ಬೀದಿಗಳಲ್ಲಿಯೂ ಓಡಿತು. ನಮ್ಮವರ ಸಾಹಸವನ್ನು ನೆನೆದರೆ ಈಗಲೂ ಅಭಿಮಾನವೆನಿಸುವುದು. ಆದರೆ ಅದರಲ್ಲಿದ್ದುದು ಆರು ವೋಲ್ಟಿನ ಎಂಟು ಸೀಸದ ಬ್ಯಾಟರಿಗಳು. ಓಟ ಸುಮಾರು ಎಂಬತ್ತು ಕಿಲೋಮೀಟರ್. ಅದರ ಒಡೆಯರು ಬ್ಯಾಟರಿಗೆ ಶುದ್ಧಜಲವನ್ನು ಹಾಕುತ್ತಿರಬೇಕಾಗಿದ್ದಿತು. ಈಗಿನ ಗಾಡಿಗಳಲ್ಲಿರುವ ಲಿಥಿಯಮ್ ಬ್ಯಾಟರಿಯು ೧೯೯೧ರಲ್ಲಿ ಜಪಾನಿನ ಸೋನಿ ಕಂಪನಿಯಿಂದ ಪೇಟೆಗೆ ಬಂದಿತು. ಅದರ ಮೂಲಪುರುಷರಾದ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಶಿನೊ ಎಂಬ ಮೂವರು ವಿದ್ವಾಂಸರಿಗೆ ೨೦೧೯ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು.

ಈ ಬ್ಯಾಟರಿಗಳಲ್ಲಿ ನಾವು ತಿಳಿದಿರಬೇಕಾದ ಜಾತಿಗಳು ಎರಡು. ನಿಕಲ್, ಮ್ಯಾಂಗನೀಸ್, ಕೋಬಾಲ್ಟ್ ಸೇರಿದುದು ಒಂದು. ಕಬ್ಬಿಣ ಮತ್ತು ಫಾಸ್ಫೇಟು ಸೇರಿದುದು ಇನ್ನೊಂದು. ಮೊದಲನೆಯದು ಹಗುರ, ಎರಡನೆಯದು ಸ್ವಲ್ಪ ಭಾರವಾದರೂ ಗಟ್ಟಿ, ಬಿಸಿಯನ್ನು ಹೆಚ್ಚು ತಾಳುವುದು. ಕಬ್ಬಿಣದ ಈ ಜಾತಿಯನ್ನು ಲೋಕಕ್ಕೆ ತಿಳಿಸಿದ ೧೯೯೭ರ ಪ್ರಬಂಧಕ್ಕೆ ಗುಡ್‌ಇನಫ್ ಅವರೊಡನೆ ಕೈಯಿಟ್ಟ ಇಬ್ಬರ ಹೆಸರುಗಳು ಪಾಢಿ ಮತ್ತು ನಂಜುಂಡಸ್ವಾಮಿ ಎಂಬುದನ್ನು ವಾಚಕರು ಗಮನಿಸಬೇಕು. ವಿದ್ಯೆ ನಮ್ಮವರಿಗೆ ಇಲ್ಲದಿಲ್ಲ. ಕಾರ್ಖಾನೆಯನ್ನು ಕಟ್ಟಿದವರು ಮಾತ್ರ ಚೀನದವರು. ಇರಲಿ, ಅದು ಇನ್ನೊಂದು ದಿನದ ಲೇಖನ.

ನಿಮ್ಮ ಗಾಡಿಯಲ್ಲಿರುವುದು ಯಾವ ಜಾತಿಯೆಂದು ಮಾರುವವರನ್ನು ಕೇಳಿ ತಿಳಿದುಕೊಳ್ಳಿ. ನಿಕಲ್ ಜಾತಿಯದಾದರೆ ದಿನದ ಓಡಾಟಕ್ಕೆ ಎಂಬತ್ತರವರೆಗೆ ತುಂಬಿಸಿದರೆ ಸಾಕು. ದೂರದ ಪ್ರಯಾಣದ ಹಿಂದಿನ ರಾತ್ರಿ ಮಾತ್ರ ಪೂರ್ತಿ ತುಂಬಿಸಿ, ಬೆಳಗಾಗುತ್ತಲೇ ಹೊರಡಿರಿ. ತುಂಬಿಸಿ ಹಾಗೆಯೇ ದಿನಗಟ್ಟಲೆ ನಿಲ್ಲಿಸುವುದೇ ಅದಕ್ಕೆ ಕೆಡುಕು. ಕಬ್ಬಿಣದ ಜಾತಿಯಾದರೆ ವಾರಕ್ಕೊಮ್ಮೆಯಾದರೂ ನೂರರವರೆಗೆ ತುಂಬಿಸಬೇಕೆಂದು ತಯಾರಕರು ಹೇಳುವುದುಂಟು. ಕಾರಣವೇನೆಂದರೆ ಅದರ ವೋಲ್ಟೇಜು ತುಂಬಿರುವಾಗಲೂ ಅರ್ಧವಾಗಿರುವಾಗಲೂ ಹೆಚ್ಚುಕಡಿಮೆ ಒಂದೇ ಇರುವುದರಿಂದ, ಎಷ್ಟು ಉಳಿದಿದೆಯೆಂಬುದನ್ನು ಅಳೆಯುವ ಯಂತ್ರಕ್ಕೆ ದಾರಿ ತಪ್ಪುವುದು. ಪೂರ್ತಿ ತುಂಬಿದಾಗ ಅದು ತನ್ನ ಲೆಕ್ಕವನ್ನು ತಿದ್ದಿಕೊಳ್ಳುವುದು. ಗಾಡಿಯೊಡನೆ ಕೊಟ್ಟ ಪುಸ್ತಕದಲ್ಲಿ ಏನು ಬರೆದಿದೆಯೋ ಅದೇ ಪ್ರಮಾಣ, ನೆರೆಮನೆಯವರ ಮಾತಲ್ಲ. ಎರಡು ಜಾತಿಗೂ ಸಮಾನವಾದ ನಿಯಮವೆಂದರೆ ಹತ್ತಕ್ಕಿಂತ ಕೆಳಗೆ ಇಳಿಸದಿರುವುದು, ಮತ್ತು ತಿಂಗಳುಗಟ್ಟಲೆ ಊರಿಗೆ ಹೋಗುವಾಗ ಅರ್ಧದಷ್ಟು ತುಂಬಿಸಿ ನೆರಳಿನಲ್ಲಿ ನಿಲ್ಲಿಸುವುದು.

ನೆರಳೆಂದು ಸುಮ್ಮನೆ ಹೇಳಲಿಲ್ಲ. ಬ್ಯಾಟರಿಗೆ ಶಾಖದಂತಹ ಶತ್ರುವಿಲ್ಲ. ನಿಸ್ಸಾನ್ ಕಂಪನಿಯು ೨೦೧೦ರ ಕೊನೆಯಲ್ಲಿ ಲೀಫ್ ಎಂಬ ಕಾರನ್ನು ಮಾರಾಟಕ್ಕಿಟ್ಟಿತು. ಅದರ ಬ್ಯಾಟರಿಯನ್ನು ತಂಪುಮಾಡುವ ಯಂತ್ರವನ್ನು ಅದರಲ್ಲಿ ಇರಿಸಿರಲಿಲ್ಲ. ತಂಪು ನಾಡುಗಳಲ್ಲಿ ಅದು ಚೆನ್ನಾಗಿಯೇ ನಡೆಯಿತು. ಆದರೆ ಅಮೆರಿಕದ ಅರಿಝೋನಾ ಮರುಭೂಮಿಯ ಫೀನಿಕ್ಸ್ ಪಟ್ಟಣದಲ್ಲಿ ೨೦೧೨ರ ಬೇಸಿಗೆಯ ಹೊತ್ತಿಗೇ ಒಡೆಯರು ಬ್ಯಾಟರಿಯ ಸತ್ತ್ವ ಕುಗ್ಗಿತೆಂದು ದೂರತೊಡಗಿದರು. ಕಂಪನಿಯು ಮಾರನೆಯ ವರ್ಷ, ಹನ್ನೆರಡು ಗೆರೆಗಳ ಮಾಪಕದಲ್ಲಿ ಐದು ವರ್ಷ ಅಥವಾ ಅರವತ್ತು ಸಾವಿರ ಮೈಲಿಯೊಳಗೆ ಒಂಬತ್ತಕ್ಕಿಂತ ಕೆಳಗೆ ಇಳಿದರೆ ಸರಿಪಡಿಸಿಕೊಡುವೆವೆಂದು ಹೊಣೆ ಹೊರಬೇಕಾಯಿತು. ಇದು ಪರದೇಶದ ಕಥೆಯೆಂದು ರಾಯಚೂರು, ಕಲಬುರಗಿ, ಬಳ್ಳಾರಿಯ ವಾಚಕರು ತಳ್ಳಿಹಾಕಬಾರದು. ಅಲ್ಲಿನ ಬೇಸಿಗೆ ನಲವತ್ತೆರಡು ಡಿಗ್ರಿಯನ್ನು ಮುಟ್ಟುವುದು ಅಪರೂಪವಲ್ಲ. ಆ ಭಾಗದವರು ಬ್ಯಾಟರಿಗೆ ದ್ರವದಿಂದ ತಂಪು ಕೊಡುವ ಏರ್ಪಾಡಿರುವ ಗಾಡಿಯನ್ನೇ ಆರಿಸಿಕೊಳ್ಳುವುದು ವಿವೇಕ. ಉರಿಬಿಸಿಲಿನಲ್ಲಿ ಓಡಿಬಂದ ಗಾಡಿಗೆ ಕೂಡಲೇ ಚಾರ್ಜರನ್ನು ಸಿಕ್ಕಿಸದೆ ಒಂದು ಗಂಟೆ ಆರಲು ಬಿಟ್ಟು, ರಾತ್ರಿಯ ತಂಪಿನಲ್ಲಿ ತುಂಬಿಸಬೇಕು.

ಹೊಣೆಪತ್ರದ ಮಾತು ಬಂದುದರಿಂದ ಹೇಳುತ್ತೇವೆ. ಎಂಟು ವರ್ಷ ಅಥವಾ ಒಂದು ಲಕ್ಷ ಅರವತ್ತು ಸಾವಿರ ಕಿಲೋಮೀಟರ್ ಎಂದು ಹಲವು ತಯಾರಕರು ಬರೆದುಕೊಡುತ್ತಾರೆ. ಅಂಕಿಯನ್ನು ನೋಡಿ ತೃಪ್ತರಾಗಬೇಡಿರಿ. ಬ್ಯಾಟರಿಯ ಸತ್ತ್ವ ನೂರಕ್ಕೆ ಎಷ್ಟಕ್ಕೆ ಇಳಿದರೆ ಹೊಣೆ, ಅದನ್ನು ಅಳೆಯುವವರು ಯಾರು, ಗಾಡಿಯನ್ನು ಇನ್ನೊಬ್ಬರಿಗೆ ಮಾರಿದರೆ ಹೊಣೆ ಅವರಿಗೆ ಸಲ್ಲುವುದೋ ಇಲ್ಲವೋ ಎಂಬುದನ್ನು ಓದಿಯೇ ರುಜು ಮಾಡಬೇಕು. ಹಳೆಯ ಗಾಡಿಯನ್ನು ಕೊಳ್ಳುವವರಂತೂ ಬಣ್ಣವನ್ನು ನೋಡುವ ಮೊದಲು ಬ್ಯಾಟರಿಯ ಸತ್ತ್ವದ ವರದಿಯನ್ನು ಕೇಳಬೇಕು.

ತುಂಬಿಸುವ ಬಗೆಗಳು ಮೂರು. ಮನೆಯ ಹದಿನೈದು ಆಂಪಿಯರಿನ ಸಾಕೆಟ್ಟಿನಿಂದ ಗಂಟೆಗೆ ಮೂರು ಯೂನಿಟ್ಟಿನವರೆಗೆ, ಗೋಡೆಗೆ ಹಾಕುವ ಚಾರ್ಜರಿನಿಂದ ಏಳು, ರಸ್ತೆಬದಿಯ ಶೀಘ್ರ ಕೇಂದ್ರಗಳಿಂದ ಮೂವತ್ತು, ಅರವತ್ತು, ಇನ್ನೂ ಹೆಚ್ಚು. ರಾತ್ರಿಯಿಡೀ ಮನೆಯಲ್ಲಿ ನಿಲ್ಲುವ ಗಾಡಿಗೆ ಮೊದಲನೆಯದೇ ಬಹುಮಟ್ಟಿಗೆ ಸಾಕು, ಬ್ಯಾಟರಿಗೂ ಹಿತ. ಶೀಘ್ರ ಕೇಂದ್ರವನ್ನು ಪ್ರಯಾಣಕ್ಕೆಂದು ಇಟ್ಟುಕೊಳ್ಳಿರಿ. ಅಲ್ಲಿ ಎಂಬತ್ತು ತುಂಬಿದ ಮೇಲೆ ವೇಗವು ತಾನಾಗಿ ಕುಗ್ಗುವುದು. ಕೊನೆಯ ಇಪ್ಪತ್ತಕ್ಕೆ ಹಿಡಿಯುವ ಹೊತ್ತು ಮೊದಲಿನ ಅರವತ್ತಕ್ಕೆ ಹಿಡಿದಷ್ಟಾಗುವುದೂ ಉಂಟು. ಎಂಬತ್ತಕ್ಕೆ ಬಿಚ್ಚಿಕೊಂಡು ಹೊರಟರೆ ನಿಮಗೂ ಹೊತ್ತು ಉಳಿಯುವುದು, ಹಿಂದೆ ನಿಂತವರಿಗೂ ಉಪಕಾರವಾಗುವುದು. ಗಾಡಿಯನ್ನು ಸಿಕ್ಕಿಸಿ ತಿಂಡಿಗೆಂದು ಹೋದವರು ಎರಡು ಗಂಟೆಯ ಮೇಲೆ ವೀಳ್ಯ ಮೆಲ್ಲುತ್ತ ಬರುವುದನ್ನು ನಾವೇ ಕಂಡಿದ್ದೇವೆ. ವಿದ್ಯಾವಂತರಿಗೆ ಇದು ಭೂಷಣವಲ್ಲ.

ಮನೆಯ ವೈರಿಂಗಿನ ವಿಷಯದಲ್ಲಿ ಜಿಪುಣತನ ಕೂಡದು. ಬಿಸಿನೀರಿನ ಗೀಸರು ಕಾಲು ಗಂಟೆ ಉರಿದು ಆರುವುದು. ಈ ಗಾಡಿಯು ಎಂಟು ಹತ್ತು ಗಂಟೆ ಎಡೆಬಿಡದೆ ಎಳೆಯುವುದು. ನಮ್ಮ ಮುದ್ರಣಾಲಯದ ಹಿತ್ತಲಿನಲ್ಲಿದ್ದ ಹಳೆಯ ಸಾಕೆಟ್ಟಿನಲ್ಲಿ ಮೊದಲ ವಾರವೇ ಸುಟ್ಟ ವಾಸನೆ ಬಂದು, ತೆಗೆದು ನೋಡಿದರೆ ಒಳಗೆ ಕರಗಿಹೋಗಿದ್ದಿತು. ಕಾಗದದ ಕಟ್ಟುಗಳು ಅಲ್ಲಿಂದ ನಾಲ್ಕು ಮಾರಿನಲ್ಲಿದ್ದವು. ಗಾಡಿಗೆಂದೇ ಪ್ರತ್ಯೇಕವಾಗಿ ನಾಲ್ಕು ಚದರ ಮಿಲಿಮೀಟರಿನ ತಾಮ್ರದ ತಂತಿಯನ್ನು ಮುಖ್ಯ ಫಲಕದಿಂದ ಎಳೆಸಿ, ಅದಕ್ಕೆ ಬೇರೆಯೇ ರಕ್ಷಣೆಯ ಸ್ವಿಚ್ಚುಗಳನ್ನು ಹಾಕಿಸಬೇಕು. ಉದ್ದನೆಯ ಎಕ್ಸ್‌ಟೆನ್ಷನ್ ತಂತಿಯನ್ನು ಕಿಟಕಿಯಿಂದ ಇಳಿಬಿಡುವ ಪದ್ಧತಿಯನ್ನು ಇಂದೇ ನಿಲ್ಲಿಸಬೇಕು. ಅರ್ತಿಂಗು ಸರಿಯಿಲ್ಲದಿದ್ದರೆ ಹಲವು ಚಾರ್ಜರುಗಳು ಕೆಲಸವನ್ನೇ ಮಾಡವು. ಜನರು ಚಾರ್ಜರು ಕೆಟ್ಟಿತೆಂದು ಅಂಗಡಿಗೆ ಓಡುತ್ತಾರೆ, ಕೆಟ್ಟಿರುವುದು ಮನೆಯ ಅರ್ತಿನ ಗುಂಡಿ. ಹಳೆಯ ಮನೆಗಳಲ್ಲಿ ಬೇಸಿಗೆಗೆ ಆ ಗುಂಡಿಯು ಒಣಗಿ ನಿಷ್ಪ್ರಯೋಜಕವಾಗುವುದು. ನಾಲ್ಕು ಕೊಡ ನೀರು ಹಾಕಿದರೆ ಎಷ್ಟೋ ಬಾರಿ ಸರಿಹೋಗುತ್ತದೆ.

ಬಿಲ್ಲಿನ ಬಗ್ಗೆ ಒಂದು ಎಚ್ಚರಿಕೆ. ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಿಸುವವರಿಗೆ, ತುಂಬಿಸುವಾಗ ಆಗುವ ಸೋರಿಕೆಯೂ ಸೇರಿ, ನೂರೈವತ್ತು ಯೂನಿಟ್ಟಿನ ಮೇಲೆ ಬೀಳುವುದು. ೨೦೨೩ರ ಜುಲೈಯಿಂದ ಜಾರಿಗೆ ಬಂದ ಗೃಹಜ್ಯೋತಿಯ ನಿಯಮದಂತೆ ಇನ್ನೂರು ಯೂನಿಟ್ಟು ಮೀರಿದವರು ಪೂರ್ತಿ ಬಿಲ್ಲನ್ನೇ ತೆರಬೇಕು. ಈವರೆಗೆ ಶೂನ್ಯದ ಬಿಲ್ಲು ಬರುತ್ತಿದ್ದ ಮನೆಗೆ ಗಾಡಿ ಬಂದ ತಿಂಗಳೇ ಬಿಲ್ಲೂ ಬರಬಹುದು. ಗಾಡಿ ತುಂಬಿಸುವುದಕ್ಕೆಂದೇ ಬೇರೆ ದರದ ಪ್ರತ್ಯೇಕ ಮೀಟರನ್ನು ವಿದ್ಯುತ್ ಕಂಪನಿಗಳು ಕೊಡುತ್ತವೆ. ಕೊಳ್ಳುವ ಮೊದಲೇ ಹೋಗಿ ವಿಚಾರಿಸಿಕೊಳ್ಳುವುದು ಮೇಲು.

ಬೆಂಕಿಯ ಭಯದ ಮಾತೂ ಜನರಲ್ಲಿದೆ. ೨೦೨೨ರ ಬೇಸಿಗೆಯಲ್ಲಿ ಹಲವು ವಿದ್ಯುತ್ ಸ್ಕೂಟರುಗಳು ಉರಿದುಹೋದುದು ಸತ್ಯ. ಆಮೇಲೆ ಕೇಂದ್ರ ಸರ್ಕಾರವು ಬ್ಯಾಟರಿಗಳ ಪರೀಕ್ಷೆಯ ನಿಯಮಗಳನ್ನು ಬಿಗಿಗೊಳಿಸಿ ಅದೇ ವರ್ಷದ ಡಿಸೆಂಬರಿನಿಂದ ಎರಡು ಹಂತಗಳಲ್ಲಿ ಜಾರಿಗೆ ತಂದಿತು. ಒಡೆಯರು ಮಾಡಬೇಕಾದುದು ಇಷ್ಟೆ: ಗಾಡಿಯ ಅಡಿಭಾಗವು ಕಲ್ಲಿಗೋ ಉಬ್ಬಿಗೋ ಬಲವಾಗಿ ತಾಕಿದರೆ ಉದಾಸೀನ ಮಾಡದೆ ತೋರಿಸುವುದು, ಬೀದಿಯ ರಿಪೇರಿಯವರಿಂದ ಬ್ಯಾಟರಿಯನ್ನು ಬಿಚ್ಚಿಸದಿರುವುದು. ನೀರಿನ ವಿಷಯವೂ ಹಾಗೆಯೇ. ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯುವುದೆಂಬ ಪ್ರಮಾಣ ಬ್ಯಾಟರಿಗಿರುತ್ತದೆ; ಅದು ಹೊಸ ಬ್ಯಾಟರಿಗೆ ಮತ್ತು ನಿಂತ ಶುದ್ಧಜಲಕ್ಕೆ ಹೇಳಿದ ಮಾತು, ೨೦೨೨ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲದಲ್ಲಿ ನಿಂತಂತಹ ಕೊಳೆನೀರಿಗಲ್ಲ.

ಮರೆಯುವ ಮುನ್ನ ಇನ್ನೊಂದು. ದೊಡ್ಡ ಬ್ಯಾಟರಿಯಲ್ಲದೆ ಈ ಗಾಡಿಯಲ್ಲಿ ಹನ್ನೆರಡು ವೋಲ್ಟಿನ ಸಣ್ಣ ಬ್ಯಾಟರಿಯೊಂದಿದೆ. ಬಾಗಿಲು, ದೀಪ, ಗಣಕಯಂತ್ರ ಎಲ್ಲವೂ ಅದರ ಮೇಲೆ ನಿಂತಿವೆ. ಅದು ಸತ್ತರೆ ದೊಡ್ಡದರಲ್ಲಿ ಎಂಬತ್ತು ಪಾಲು ವಿದ್ಯುತ್ತಿದ್ದರೂ ಗಾಡಿ ಏಳುವುದಿಲ್ಲ. ಮೂರು ನಾಲ್ಕು ವರ್ಷಗಳಿಗೊಮ್ಮೆ ಅದನ್ನು ಬದಲಿಸಬೇಕಾಗುವುದು. ಲಕ್ಷಗಟ್ಟಲೆಯ ಬ್ಯಾಟರಿಯನ್ನು ದೂರುತ್ತ ಗಾಡಿಯನ್ನು ಎಳೆಯಿಸಿಕೊಂಡು ಹೋದವರಲ್ಲಿ ಎಷ್ಟೋ ಜನರ ಕಾಯಿಲೆ ಈ ಸಣ್ಣದರಲ್ಲಿಯೇ ಇರುತ್ತದೆ.

ನಮ್ಮ ಮಿತ್ರರು ಇದನ್ನೆಲ್ಲ ಒಂದು ಕಾಗದದ ಮೇಲೆ ಬರೆದುಕೊಂಡು ಹೋದರು. ಹದಿನೈದು ದಿನದ ಮೇಲೆ ಒಂದು ಪುಸ್ತಕದೊಡನೆ ಮತ್ತೆ ಬಂದರು. ದಿನಾಂಕ, ಕಿಲೋಮೀಟರ್, ಯೂನಿಟ್ಟು, ಟೈರಿನ ಗಾಳಿ ಎಂದು ಅಂಕಣಗಳನ್ನು ಎಳೆದು, ನೂರು ಕಿಲೋಮೀಟರಿಗೆ ಹದಿನಾಲ್ಕೂವರೆ ಬೀಳುತ್ತದೆಂದು ಕಂಡುಹಿಡಿದಿದ್ದರು. ಮುಖದಲ್ಲಿ ಹಳೆಯ ಆಡಿಟಿನ ಕಳೆ ಮರಳಿದ್ದಿತು. "ಲೆಕ್ಕ ಸರಿಹೋಯಿತು ಸ್ವಾಮಿ. ಆದರೆ ನೆನ್ನೆಯಿಂದ ಚಾರ್ಜರಿನಲ್ಲಿ ಕೆಂಪು ದೀಪ ಉರಿಯುತ್ತಿದೆ" ಎಂದರು. ಅರ್ತಿನ ಗುಂಡಿಗೆ ನೀರು ಹಾಕಿಸಿದಿರಾ ಎಂದು ಕೇಳಿದೆವು. ಇಲ್ಲವೆಂದು ತಲೆಯಾಡಿಸಿ, ಕಾಫಿಗೂ ನಿಲ್ಲದೆ ಹೊರಟರು.